ಒರಗು ಸೈಕಲ್ಲೂ ಟರ್ಕಿ ಟವೆಲ್ಲೂ

ಕೂರುವ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಮ್ಮೆ ನನಗೆ ಬಹಳ ಕಾಲ ಇತ್ತು. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನು ನಾನು. ಮಾಡಿದ ಕೆಲಸದ ಬಗ್ಗೆ ಯಾರಾದರೂ ತಕರಾರು ಎತ್ತಿರಬಹುದು, ಕೂತ ಬಗ್ಗೆ ಒಂದು ಮೆಮೋ ಕೂಡ ಬಂದಿಲ್ಲ. ಹೀಗಿರುವಾಗ, ನಿವೃತ್ತನಾದ ಎರಡನೇ ವರ್ಷ ಮೂಳೆ ಡಾಕ್ಟರೊಬ್ಬರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಸಾರ್, ನೀವು ಕೂರೋ ರೀತೀನೇ ಸರಿಯಿಲ್ಲ’ ಎಂದುಬಿಟ್ಟರು. ಬೆನ್ನುಮೂಳೆಯ ತುದಿ ಸವೆದಿದೆಯಂತೆ. ಇನ್ನು ಮುಂದೆ ಸೈಕಲ್ಲಿನ ಆ ಚೂಪು ಸೀಟಿನ ಮೇಲೆ ಕೂರುವ ಹಾಗಿಲ್ಲವಂತೆ. ನನ್ನ ಇಡೀ ಸೇವಾವಧಿ ಒಂದು ಎಕ್ಸ್‌ರೇ ಹಾಳೆಯಲ್ಲಿ ರದ್ದಾದಂತಾಯಿತು.

ಸೈಕಲ್ ಇಲ್ಲದೆ ನನ್ನನ್ನು ನಾನು ಊಹಿಸಿಕೊಳ್ಳಲಾರೆ. ಬಸವೇಶ್ವರನಗರದ ನಮ್ಮ ಮೊದಲ ಮಹಡಿಯ ಮನೆಯಿಂದ ಕಚೇರಿಗೆ ಅಷ್ಟೂ ವರ್ಷ ಸೈಕಲ್ಲಿನಲ್ಲೇ ಹೋಗಿ ಬಂದಿದ್ದೇನೆ. ಉಳಿದವರು ಸ್ಕೂಟರಿಗೆ, ಕಾರಿಗೆ ಬಡ್ತಿ ಪಡೆದರು. ನಾನು ಮಾತ್ರ ಪೆಡಲಿನಲ್ಲೇ ಉಳಿದೆ. ನನ್ನ ಹೆಂಡತಿ ಸರೋಜ ಡಾಕ್ಟರ ಮಾತನ್ನು ಆದೇಶವೆಂದೇ ಸ್ವೀಕರಿಸಿ, ಮಾರನೆಯ ಬೆಳಿಗ್ಗೆಯೇ ಗುಜರಿಯವನ ಗಾಡಿಯ ಸದ್ದಿಗೆ ಕಿವಿ ನೆಟ್ಟು ಬಾಲ್ಕನಿಯಲ್ಲಿ ನಿಂತಳು. ನಾನು ಆ ಸೈಕಲ್ಲನ್ನು ತಳ್ಳಿಕೊಂಡು ನೇರವಾಗಿ ವಿಜಯನಗರದ ಮಲ್ಲಿಕಾರ್ಜುನಪ್ಪನವರ ಮನೆಗೆ ಹೋದೆ.

ಮಲ್ಲಿಕಾರ್ಜುನಪ್ಪ ನನ್ನ ಹಳೆಯ ಗೆಳೆಯ. ದಾವಣಗೆರೆ ಕಡೆಯವರು, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಜೀವನ ಸವೆಸಿ, ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತ ವಾನಪ್ರಸ್ಥ ಕಳೆಯುತ್ತಿದ್ದಾರೆ. ನನ್ನ ವ್ಯಥೆಯನ್ನೆಲ್ಲ ಕೇಳಿ, ಶೆಡ್ಡಿನ ಗೋಡೆಗೆ ಒಂದು ಮರಳಿನ ಮೂಟೆ ಒರಗಿಸಿ, ಅದರ ಮೇಲೆ ನನ್ನನ್ನು ಕೂರಿಸಿದರು. ಕಾಲು ಮುಂದೆ ಚಾಚಿಸಿದರು. ಹೊಟ್ಟೆಯ ಮೇಲೆ ಒಂದು ಪಂಚಾಂಗ ಇಟ್ಟು, ಅದು ಜಾರದೆ ನಿಲ್ಲುವ ತನಕ ನನ್ನನ್ನು ಹಿಂದೆ ಮುಂದೆ ಮಾಡಿ, ಆ ಕೋನವನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಗೀಚಿಕೊಂಡರು. ಪಂಚಾಂಗ ನೋಡಿ ಮುಹೂರ್ತ ಇಡುವುದುಂಟು. ಅದನ್ನು ಹೊಟ್ಟೆಯ ಮೇಲಿಟ್ಟು ಬೆನ್ನಿನ ಓರೆ ನಿಶ್ಚಯವಾದದ್ದು ಬಹುಶಃ ನನ್ನೊಬ್ಬನದೇ.

ಒಂದೂವರೆ ತಿಂಗಳಲ್ಲಿ ಶೆಡ್ಡಿನಲ್ಲಿ ಬಿದ್ದಿದ್ದ ಬೇರೆ ಎರಡು ಹಳೆಯ ಸೈಕಲ್ಲುಗಳು ಸೇರಿ ಒಂದು ಒರಗು ಸೈಕಲ್ ಆಯಿತು. ನೋಡದವರಿಗಾಗಿ ಹೇಳುತ್ತೇನೆ: ಆರಾಮಕುರ್ಚಿಯೊಂದಕ್ಕೆ ಹಿಂದೊಂದು ಮುಂದೊಂದು ಚಕ್ರ ಬಂದಿದೆ ಎಂದುಕೊಳ್ಳಿ. ಪೆಡಲು ಮುಂದಿನ ಚಕ್ರಕ್ಕಿಂತಲೂ ಮುಂದೆ. ಹ್ಯಾಂಡಲ್ಲು ಸೀಟಿನ ಕೆಳಗೆ, ಎರಡೂ ಪಕ್ಕದಲ್ಲಿ. ಕೈ ಇಳಿಬಿಟ್ಟರೆ ಸಾಕು, ಸಿಗುತ್ತದೆ. ಸೀಟಿಗೆ ಅವರು ಸ್ಪಂಜು ಹಾಕಲಿಲ್ಲ, ರೆಕ್ಸಿನ್ ಹಾಕಲಿಲ್ಲ. ಮಂಚಕ್ಕೆ ಹೆಣೆಯುವ ನವಾರನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಹೆಣೆದರು. ಸೊಂಟದ ಹತ್ತಿರ ಬಿಗಿ, ಭುಜದ ಹತ್ತಿರ ಸಡಿಲ, ಬೆನ್ನುಮೂಳೆಯ ತುದಿ ಬರುವ ಕಡೆ ಒಂದು ಎಳೆಯನ್ನೇ ಬಿಟ್ಟು ಖಾಲಿ. ಅದರಲ್ಲಿ ಮೊದಲ ಸಲ ಒರಗಿದಾಗ, ನನ್ನ ಬೆನ್ನನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಈ ಲೋಕದಲ್ಲಿ ಇನ್ನೊಬ್ಬರಿಲ್ಲ ಎನಿಸಿತು.

ಮಲ್ಲಿಕಾರ್ಜುನಪ್ಪ ಹಾಕಿದ ನಿಬಂಧನೆ ಒಂದೇ. ‘ಸೂಪರಿಂಟೆಂಡೆಂಟ್ರೇ, ಈ ನವಾರಿನ ಮ್ಯಾಲೆ ಏನೂ ಹಾಸಬ್ಯಾಡ್ರಿ. ದಿಂಬು ಬ್ಯಾಡ, ಬಟ್ಟೆ ಬ್ಯಾಡ. ಗಾಳಿ ಆಡ್ಬೇಕು, ಬೆನ್ನು ಹಿಡ್ಕೊಂಡು ಕೂರ್ಬೇಕು.’ ನಾನು ತಲೆಯಾಡಿಸಿದೆ. ಮೂವತ್ತನಾಲ್ಕು ವರ್ಷ ಎಲ್ಲ ಸುತ್ತೋಲೆಗಳಿಗೂ ಹಾಗೆಯೇ ತಲೆಯಾಡಿಸಿದ್ದೆ.

ಸರೋಜಳ ನಿಬಂಧನೆ ಬೇರೆ ಇತ್ತು. ನಾನು ಸೈಕಲ್ಲಿನಲ್ಲಿ ಮಾಗಡಿಯ ಅಕ್ಕನ ಮನೆಗೆ ಹೋಗಬೇಕು, ಮಾರನೆಯ ದಿನ ವಾಪಸು ಬರಬೇಕು, ಬಂದಮೇಲೆ ನಮ್ಮ ಮನೆಯ ಹದಿನೇಳು ಮೆಟ್ಟಿಲನ್ನು ಕಂಬಿ ಹಿಡಿಯದೆ, ಒಮ್ಮೆಯೂ ‘ಅಯ್ಯಮ್ಮಾ’ ಎನ್ನದೆ ಹತ್ತಬೇಕು. ಹತ್ತಿದರೆ ಸೈಕಲ್ ಉಳಿಯುತ್ತದೆ. ಇಲ್ಲವಾದರೆ ಹಳೆಯದರ ಜೊತೆ ಹೊಸದೂ ಗುಜರಿಗೆ. ಇಷ್ಟು ಹೇಳಿದವಳು, ವಾಹನ ತಗ್ಗಾಗಿರುವುದರಿಂದ ಲಾರಿಯವರಿಗೆ ಕಾಣಲು ಬಾವುಟ ಬೇಕೆಂದು ಗೊತ್ತಾದಾಗ, ಯಾರದೋ ಮನೆಯ ತಾಂಬೂಲದಲ್ಲಿ ಬಂದಿದ್ದ ಕಿತ್ತಳೆ ಬಣ್ಣದ ರವಿಕೆ ಕಣವನ್ನು ತಾನೇ ಕತ್ತರಿಸಿ ಅಂಚು ಹೊಲಿದುಕೊಟ್ಟಳು. ದಾಂಪತ್ಯ ಎಂದರೆ ಇದೇ ಇರಬೇಕು.

ಪ್ರಯಾಣದ ಸಿದ್ಧತೆಯನ್ನು ನಾನು ಗಂಭೀರವಾಗಿಯೇ ಮಾಡಿದೆ. ಸೀಟಿನ ಎರಡೂ ಬದಿಗೆ, ತಗ್ಗಿನಲ್ಲಿ, ಖಾಕಿ ಚೀಲಗಳು. ಭಾರ ಕೆಳಗಿದ್ದರೆ ಸೈಕಲ್ ವಾಲುವುದಿಲ್ಲ. ಎಡಕ್ಕೆ ಬಟ್ಟೆ, ಬಲಕ್ಕೆ ಪಂಕ್ಚರ್ ಸಾಮಾನು ಮತ್ತು ಚಿತ್ರಾನ್ನ. ಹಿಂದಿರುವ ನೀರಿನ ಬಾಟಲಿಗೆ ಕೈ ಎಟಕುವುದಿಲ್ಲವಾದ್ದರಿಂದ ಅದರಿಂದ ಒಂದು ನಳಿಕೆ ಬಾಯಿಯವರೆಗೆ. ಡ್ರಿಪ್ ಹಾಕಿಸಿಕೊಂಡು ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವರ ಹಾಗಿದೀರ ಎಂದಳು ಸರೋಜ. ತಿರುಗಿ ನೋಡಲಾಗದ್ದರಿಂದ ಒಂದು ಕನ್ನಡಿ. ಎಲ್ಲವೂ ಸರಿಯಾಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಈಗ ಟವೆಲ್ಲಿನ ವಿಷಯ. ನಮ್ಮ ಕಚೇರಿಗಳಲ್ಲಿ ಯಾರು ದೊಡ್ಡವರೆಂದು ತಿಳಿಯಲು ನಾಮಫಲಕ ಓದಬೇಕಿಲ್ಲ. ಕುರ್ಚಿಯ ಬೆನ್ನು ನೋಡಿದರೆ ಸಾಕು. ಬಿಳಿಯ ಟರ್ಕಿ ಟವೆಲ್ ಹೊದ್ದ ಕುರ್ಚಿ ಸಾಹೇಬರದು, ಬೋಳು ಕುರ್ಚಿ ಉಳಿದವರದು. ಮೂವತ್ತಮೂರು ವರ್ಷ ಬೋಳು ಕುರ್ಚಿಯಲ್ಲಿ ಕೂತ ನನಗೆ ಕೊನೆಯ ಹನ್ನೊಂದು ತಿಂಗಳು ಟವೆಲ್ ದೊರೆಯಿತು. ಬೀಳ್ಕೊಡುಗೆಯ ದಿನ ಅದನ್ನು ಮಡಿಸಿ ಮನೆಗೆ ತಂದಿದ್ದೆ. ಹೊರಡುವ ಬೆಳಿಗ್ಗೆ ಅದನ್ನು ಬೀರುವಿನಿಂದ ತೆಗೆದು, ಸೀಟಿನ ಮೇಲೆ ಹೊದಿಸಿ, ಮೇಲ್ಗಡೆ ಎರಡು ಸೇಫ್ಟಿ ಪಿನ್ ಚುಚ್ಚಿದೆ. ಹಾಸಬಾರದು ಎಂದಿದ್ದು ದಿಂಬು, ಬಟ್ಟೆಯ ವಿಷಯದಲ್ಲಿ. ಟವೆಲ್ ಎಂಬುದು ಸ್ಥಾನಮಾನ ಎಂದು ನನ್ನೊಳಗೇ ಒಂದು ಟಿಪ್ಪಣಿ ಬರೆದು, ನಾನೇ ಅನುಮೋದಿಸಿದೆ.

ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ಆಟೋದವನೊಬ್ಬ ಬಗ್ಗಿ ನೋಡಿ, ಬಾವುಟ ಯಾವ ಪಕ್ಷದ್ದು ಎಂದು ವಿಚಾರಿಸಿದ. ಪಕ್ಷೇತರ ಎಂದೆ. ‘ಅದ್ಕೇ ಮಲ್ಕೊಂಡ್ಬಿಟ್ಟಿದೀರ ಬಿಡಿ ಸಾರ್’ ಎಂದು ಅವನು ಹೊರಟುಹೋದ. ಸುಂಕದಕಟ್ಟೆ ದಾಟುವ ಹೊತ್ತಿಗೆ ಬೆನ್ನು ಒದ್ದೆಯಾಗಿತ್ತು. ಬ್ಯಾಡರಹಳ್ಳಿಯ ಹೊತ್ತಿಗೆ ನಾನು ಇಳಿಜಾರಿನಲ್ಲಿಟ್ಟ ಬೆಲ್ಲದಚ್ಚಿನಂತೆ ಇಂಚಿಂಚೇ ಕೆಳಗೆ ಜಾರುತ್ತಿದ್ದೆ. ನವಾರು ಹಿಡಿದುಕೊಳ್ಳಬೇಕಾದ ಬೆನ್ನನ್ನು ಟವೆಲ್ ಬಿಡಿಸಿಕೊಡುತ್ತಿತ್ತು. ಜಾರಿದಷ್ಟೂ ಪೆಡಲು ಹತ್ತಿರವಾಗಿ ಮೊಣಕಾಲು ಹೊಟ್ಟೆಗೆ ಬಡಿಯತೊಡಗಿತು. ಡಾಕ್ಟರು ಹೇಳಿದ್ದ ಮೂಳೆ ಸರಿಯಾಗಿ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಬಂದು ಕೂತಿತು. ತಾವರೆಕೆರೆ ದಾಟಿದ ಮೇಲೆ ಒಂದು ಹಂಪು. ಮಾಮೂಲಿ ಸೈಕಲ್ಲಿನಲ್ಲಾದರೆ ಸೀಟಿನಿಂದ ಎದ್ದು ಪಾರಾಗಬಹುದು, ಇಲ್ಲಿ ಒರಗಿದವನು ಒರಗಿದಂತೆಯೇ ಎಲ್ಲವನ್ನೂ ಅನುಭವಿಸಬೇಕು. ಪಿನ್ನುಗಳು ಕಿತ್ತುಬಂದವು. ಟವೆಲ್ಲಿನ ತುದಿ ಸೀಟಿನ ಕೆಳಗೆ ಓಡುವ ಉದ್ದನೆಯ ಚೈನಿಗೆ ಸಿಕ್ಕಿ, ಗರಗರನೆ ಒಳಗೆ ಹೋಗಿ, ಎಲ್ಲವೂ ನಿಂತಿತು.

ನಿಂತದ್ದು ಒಂದು ಎಳನೀರಿನ ಗಾಡಿಯ ಮುಂದೆ. ವ್ಯಾಪಾರದ ಹೆಂಗಸು ಮಚ್ಚು ಕೈಯಲ್ಲಿ ಹಿಡಿದೇ ಬಂದು ನೋಡಿದಳು. ನಾನು ಟವೆಲ್ಲನ್ನು ಹರಿಯದಂತೆ ಎಳೆಯಲು ಹತ್ತು ನಿಮಿಷ ಹೆಣಗಿದೆ. ಬಗ್ಗಿದ್ದರಿಂದ ಸೊಂಟದಲ್ಲಿ ಒಂದು ಛಳಕು ಕಾಣಿಸಿಕೊಂಡಿತು. ಹದಿನೇಳು ಮೆಟ್ಟಿಲೂ ಕಣ್ಣ ಮುಂದೆ ಬಂದವು.

‘ಯಜಮಾನ್ರೇ, ಟವಲ್ ಬೇಕೋ ಸೈಕಲ್ ಬೇಕೋ ಒಂದ್ ಹೇಳಿ. ನಂಗೆ ಗಿರಾಕಿ ಕಾಯ್ತಾವ್ರೆ’ ಎಂದಳು ಆಕೆ.

ಹನ್ನೊಂದು ತಿಂಗಳ ವೈಭವವನ್ನು ಒಮ್ಮೆ ನೆನೆದುಕೊಂಡು, ‘ಸೈಕಲ್ ಕಣಮ್ಮ’ ಎಂದೆ. ಎಳನೀರಿನ ತಲೆ ಹಾರಿಸುವಷ್ಟೇ ನಿರ್ಲಿಪ್ತವಾಗಿ ಆಕೆ ಎರಡು ಏಟು ಹಾಕಿದಳು. ಅರ್ಧ ಟವೆಲ್ ನನ್ನ ಕೈಗೆ ಬಂತು, ಉಳಿದರ್ಧವನ್ನು ಚೈನಿನಿಂದ ಚಿಂದಿ ಚಿಂದಿಯಾಗಿ ಕಿತ್ತೆವು.

ಅಲ್ಲಿಂದ ಮುಂದೆ ನಡೆದದ್ದನ್ನು ವರ್ಣಿಸಲು ನನ್ನ ಕಚೇರಿ ಕನ್ನಡ ಸಾಲದು. ಬೋಳು ನವಾರು ಬೆನ್ನನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿಯಿತು. ಹೆಣಿಗೆಯ ಸಂದುಗಳಿಂದ ಗಾಳಿ ನುಗ್ಗಿ, ಅಂಗಿ ಒಣಗಿ, ಛಳಕು ಸದ್ದಿಲ್ಲದೆ ರಾಜೀನಾಮೆ ಕೊಟ್ಟಿತು. ಏರಿನಲ್ಲಿ ಮಲ್ಲಿಕಾರ್ಜುನಪ್ಪ ಅಳವಡಿಸಿದ್ದ ಸಣ್ಣ ಗೇರು ಹಾಕಿ ನಿಧಾನವಾಗಿ ತುಳಿದೆ, ಇಳಿಜಾರಿನಲ್ಲಿ ಕಾಲು ಚಾಚಿ ಆಕಾಶ ನೋಡುತ್ತ ಇಳಿದೆ. ಮಾಮೂಲಿ ಸೈಕಲ್ಲಿನಲ್ಲಿ ಕಾಣುವುದು ರಸ್ತೆ ಮಾತ್ರ. ಇದರಲ್ಲಿ ಹುಣಸೆ ಮರದ ತುದಿ, ಗುಡ್ಡದ ನೆತ್ತಿ, ಸುತ್ತುವ ಹದ್ದು ಎಲ್ಲವೂ ತಲೆ ಎತ್ತದೆಯೇ ಕಾಣುತ್ತವೆ. ಮಾಗಡಿಯಲ್ಲಿ ಅಕ್ಕ ನಾನು ನೆಟ್ಟಗೆ ನಿಂತದ್ದನ್ನು ನೋಡಿ, ಬಸ್ಸಿನಲ್ಲಿ ಬಂದು ಸುಳ್ಳು ಹೇಳುತ್ತಿದ್ದಾನೆಂದೇ ತಿಳಿದಳು.

ಮಾರನೆಯ ದಿನ ಮಧ್ಯಾಹ್ನ ಮನೆ ಮುಟ್ಟಿದೆ. ಸರೋಜ ಮೆಟ್ಟಿಲ ಮೇಲ್ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎರಡೂ ಕೈಯಲ್ಲಿ ಖಾಕಿ ಚೀಲ ಹಿಡಿದು, ಕಂಬಿ ಮುಟ್ಟದೆ, ಹದಿನೇಳನ್ನೂ ಹತ್ತಿದೆ. ಅವಳು ಚೀಲಗಳನ್ನು ಇಸಿದುಕೊಂಡು, ಒಂದರಿಂದ ಇಣುಕುತ್ತಿದ್ದ ಅರ್ಧ ಟವೆಲ್ಲನ್ನು ಎಳೆದು ನೋಡಿ, ಎಲ್ಲವನ್ನೂ ಅರ್ಥ ಮಾಡಿಕೊಂಡಳು.

‘ಹೋಗ್ಲಿ ಬಿಡಿ. ಅದನ್ನ ಒಗೆಯೋವಾಗ್ಲೂ ಎದ್ದು ನಿಂತು ಒಗೀಬೇಕೇನೋ ಅನ್ನಿಸ್ತಿತ್ತು’ ಎಂದಳು.

ಹಳೆಯ ಸೈಕಲ್ ಗುಜರಿಗೆ ಹೋಯಿತು, ಒರಗು ಸೈಕಲ್ ಉಳಿಯಿತು. ಅರ್ಧ ಟವೆಲ್ ಈಗ ಚೈನಿನ ಎಣ್ಣೆ ಒರೆಸುವ ಬಟ್ಟೆಯಾಗಿದೆ. ತನ್ನ ಜೀವಮಾನದಲ್ಲಿ ಅದು ಮಾಡುತ್ತಿರುವ ಮೊದಲ ಕೆಲಸ ಅದೇ ಇರಬೇಕು. ದಿನಾ ಬೆಳಿಗ್ಗೆ ಒರೆಸಿ ಮುಗಿಸಿದ ಮೇಲೆ ಅದನ್ನು ಗೂಟಕ್ಕೆ ಹಾಕಬೇಕೆಂದೇ ಹೊರಡುತ್ತೇನೆ. ಆದರೆ ಕೈ ತಾನಾಗಿ ಅದನ್ನು ನಾಲ್ಕಾಗಿ ಮಡಿಸಿ, ಅಂಚು ಸರಿಮಾಡಿ, ಸೀಟಿನ ಬೆನ್ನಿಗೆ ಹೊದಿಸಿರುತ್ತದೆ. ಸರೋಜ ಬಾಲ್ಕನಿಗೆ ಬರುವುದರೊಳಗೆ ತೆಗೆಯುತ್ತೇನೆ. ಸಾಮಾನ್ಯವಾಗಿ, ಒಂದೈದು ನಿಮಿಷ ನೋಡಿದ ಮೇಲೆ.