ಲಾಕಪ್ಪಿನಿಂದ ಎರಡನೆಯವರಾಗಿ ಹೊರಬಂದವರ ಪರವಾಗಿ

ಪರಮ ಮಾನ್ಯ ಠಾಣಾಧಿಕಾರಿಗಳೇ,

ಕಳೆದ ಗುರುವಾರ ಮಧ್ಯಾಹ್ನ ತಮ್ಮ ಠಾಣೆಯಲ್ಲಿ, ಯಾವ ಕಳವನ್ನೂ ಮಾಡದ ನನ್ನ ಸೋದರಮಾವನನ್ನು ಲಾಕಪ್ಪಿಗೆ ತಳ್ಳಿ ಹೊಡೆದರು, ಅವರ ಕಸುಬಿನ ಚೀಲವನ್ನು ಕಿತ್ತಿಟ್ಟುಕೊಂಡರು, ಕೊನೆಗೆ ಲಾಕಪ್ ತೆರೆದು ಓಡಿಹೋಗಲು ನೋಡಿದರೆಂದು ಅವರ ಮೇಲೆಯೇ ಕೇಸು ಹಾಕಿದರು. ಇದು ಅನ್ಯಾಯ. ಈ ಒಂದು ಮಾತನ್ನು ಒರಟಾಗಿ ಹೇಳಿ ಮುಗಿಸಿದ್ದೇನಾದ್ದರಿಂದ, ಇನ್ನು ಮುಂದೆ ತಮ್ಮ ಹುದ್ದೆಗೂ ತಮ್ಮ ಮೀಸೆಗೂ ತಮ್ಮ ಮೇಜಿನ ಮೇಲಿನ ಗಾಜಿಗೂ ಸಲ್ಲಬೇಕಾದ ಸಕಲ ಮರ್ಯಾದೆಯನ್ನು ತಪ್ಪದೆ ಸಲ್ಲಿಸುತ್ತೇನೆ. ತಾವೂ ತಮ್ಮ ಸಿಬ್ಬಂದಿಯೂ ಕ್ಷೇಮವೆಂದು ನಂಬಿದ್ದೇನೆ. ಹಿಂದಿನ ಓಣಿಯವರಾದ ನಾವೂ, ತಾವು ಯಾವಾಗ ಬಂದು ಎಳೆದೊಯ್ದರೂ ಕೈಗೆ ಸಿಗುವಷ್ಟು ಕ್ಷೇಮವಾಗಿದ್ದೇವೆ.

ಮಾವನನ್ನು ತಮಗೆ ಪರಿಚಯಿಸಬೇಕಾಗಿಲ್ಲ. ಬಸ್ ನಿಲ್ದಾಣದ ಮೂಲೆಯಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲಾಗದಷ್ಟು ದೊಡ್ಡ ಅಂಗಡಿಯಲ್ಲಿ ಬೀಗ ರಿಪೇರಿ ಮಾಡಿ, ಕೀಲಿಕೈ ಕೊರೆದುಕೊಡುವವರು ಅವರು. ತಮ್ಮ ಜೀಪಿನ ಕೀಲಿ ಜೀಪಿನೊಳಗೇ ಉಳಿದಾಗಲೆಲ್ಲ ಠಾಣೆಯಿಂದ ಕರೆ ಬರುತ್ತದೆ; ದೊಡ್ಡ ಬೀದಿಯಲ್ಲಿ ಯಾರ ಮನೆಯಲ್ಲಿ ಕಳವಾದರೂ ಅದೇ ಠಾಣೆಯಿಂದ ಕರೆ ಬರುತ್ತದೆ. ಮೊದಲನೆಯದಕ್ಕೆ ‘ಸ್ವಲ್ಪ ಬಂದುಹೋಗು’ ಎನ್ನುತ್ತಾರೆ, ಎರಡನೆಯದಕ್ಕೆ ಹೇಳದೆಯೇ ಕೊರಳಪಟ್ಟಿ ಹಿಡಿಯುತ್ತಾರೆ. ಬೀಗ ತೆಗೆಯಲು ಬರುವವನೇ ಕಳ್ಳನಾಗಿರಬೇಕೆಂಬ ತಮ್ಮ ತರ್ಕ ನನಗೆ ಬಹಳ ಹಿಡಿಸಿತು. ಇದೇ ತರ್ಕದಲ್ಲಿ, ಊರಿನಲ್ಲಿ ಯಾರಿಗಾದರೂ ಏಟು ಬಿದ್ದರೆ ಮೊದಲು ಯಾರನ್ನು ವಿಚಾರಿಸಬೇಕೆಂದು ಕೇಳಲು ನನ್ನ ಸಂಕೋಚ ಬಿಡುತ್ತಿಲ್ಲ.

ಈ ಸಲ ಕಳವಾದದ್ದು ದೊಡ್ಡ ಬೀದಿಯ ಔಷಧಿ ಅಂಗಡಿಯವರ ಮನೆಯಲ್ಲಿ. ಬಾಗಿಲನ್ನು ಹಾರೆಯಿಂದ ಮೀಟಿ, ಚೌಕಟ್ಟಿನ ಸಮೇತ ಒಡೆದಿದ್ದಾರೆ. ಬೀಗ ಮಾತ್ರ ಹಾಗೇ ಭದ್ರವಾಗಿ ಉಳಿದಿದೆ. ಬೀಗ ತೆಗೆಯಲು ಬರುವವನು ಬಾಗಿಲನ್ನೇಕೆ ಒಡೆಯುತ್ತಾನೆಂದು ನನ್ನ ತಾಯಿ ಠಾಣೆಗೆ ಬಂದು ಕೇಳಿದಾಗ, ತಮ್ಮ ಪೇದೆಯವರು ಅನುಮಾನ ಬಾರದಿರಲೆಂದೇ ಒಡೆದಿದ್ದಾನೆ ಎಂದು ಸಮಾಧಾನ ಹೇಳಿ ಕಳಿಸಿದರಂತೆ. ಒಡೆದಿದ್ದರೆ ಚಾಲಾಕಿ, ಒಡೆಯದಿದ್ದರೆ ಕಸುಬು. ಹೀಗೆ ಎರಡೂ ಕಡೆಯಿಂದ ಮುಚ್ಚಿಕೊಳ್ಳುವ ತರ್ಕದ ಬಾಗಿಲನ್ನು ನನ್ನ ಮಾವನೂ ತೆರೆಯಲಾರರು.

ಗುರುವಾರ ಮುಖ್ಯ ಪೇದೆಯವರೂ ಉಳಿದವರೂ ಯಾರೋ ಗಣ್ಯರ ಬಂದೋಬಸ್ತಿಗೆ ಹೋಗಿದ್ದರು. ತಾವು ಊಟಕ್ಕೆ ಮನೆಗೆ ಹೋಗಿದ್ದಿರಿ. ಠಾಣೆಯಲ್ಲಿ ಇದ್ದವರು ಮೂರೇ ಜನ: ಲಾಕಪ್ಪಿನೊಳಗೆ ಮಾವ, ಹೊರಗೆ ಆ ಪೇದೆಯವರು, ಬೆಂಚಿನ ಮೇಲೆ ಕಳೆದುಹೋದ ಸೈಕಲ್ಲಿನ ದೂರು ಹಿಡಿದು ಕೂತ ನಮ್ಮ ಓಣಿಯ ಹಾಲಿನವರು. ಮಾವ ಬಡಾಯಿ ಮನುಷ್ಯ, ಅವರ ಮಾತಿನಲ್ಲಿ ಅರ್ಧ ಕಳೆದೇ ನಂಬಬೇಕು. ಆದ್ದರಿಂದ ಮುಂದಿನದನ್ನು ಹಾಲಿನವರ ಬಾಯಿಂದಲೂ ಕೇಳಿ ಹೋಲಿಸಿಕೊಂಡೇ ಬರೆಯುತ್ತಿದ್ದೇನೆ.

ತಮ್ಮ ಠಾಣೆಯಲ್ಲೊಂದು ಪದ್ಧತಿಯಿದೆ. ವಿಚಾರಣೆಗೆ ಇಳಿಯುವ ಮೊದಲು ಪೇದೆಯವರು ಸರ್ಕಾರಿ ಅಂಗಿಯನ್ನು ಬಿಚ್ಚಿ, ಹೊರಗಿನ ಮೊಳೆಗೆ ಸುಕ್ಕಾಗದಂತೆ ನೇತುಹಾಕಿ, ಬನಿಯನ್ನಿನಲ್ಲಿ ಒಳಹೊಕ್ಕು, ಬೆಂಚಿನ ಮೇಲಿನವರ ಕಣ್ಣಿಗೆ ಬೀಳದಿರಲೆಂದು ಬಾಗಿಲನ್ನು ಎಳೆದುಕೊಳ್ಳುತ್ತಾರೆ. ಸರ್ಕಾರದ ಬಟ್ಟೆ ಕೊಳೆಯಾಗಬಾರದೆಂಬ ಈ ಕಾಳಜಿಗೆ ನಮಸ್ಕಾರ. ಎಂದಿನಂತೆ ಅಂದೂ ಅಂಗಿ ಮೊಳೆಗೇರಿತು, ಬಾಗಿಲು ಹಿಂದಿನಿಂದ ಮುಚ್ಚಿತು, ಲಾಠಿಯ ಎರಡು ಏಟು ಮಾವನ ಎಡಗೈಗೆ ಬಿದ್ದವು. ಮೂರನೆಯದಕ್ಕೆ ಕೈ ಎತ್ತಿದಾಗ ಪೇದೆಯವರಿಗೆ ಒಂದು ವಿಷಯ ಹೊಳೆಯಿತು. ಆ ಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದು. ಎಂದಿನ ದಿನ ಹೊರಗಿನಿಂದ ತೆಗೆಯಲು ಮುಖ್ಯ ಪೇದೆ ಇರುತ್ತಿದ್ದರು. ಅಂದು ಕೀಲಿಗೊಂಚಲು ಅವರ ಸೊಂಟದಲ್ಲಿ ಬಂದೋಬಸ್ತಿಗೆ ಹೋಗಿತ್ತು.

ಪೇದೆಯವರು ಸರಳು ಹಿಡಿದು ಹಾಲಿನವರನ್ನು ಕೂಗಿ, ತಾನು ಪೊಲೀಸ್, ಯಾರನ್ನಾದರೂ ಕರೆದುಕೊಂಡು ಬಾ ಎಂದರಂತೆ. ಹಾಲಿನವರು ಕನ್ನಡಕ ಸರಿಮಾಡಿಕೊಂಡು ನೋಡಿದರೆ, ಒಳಗೆ ಬನಿಯನ್ನಿನ ಇಬ್ಬರು ಗಂಡಸರು, ಇಬ್ಬರ ಬನಿಯನ್ನಿಗೂ ಬಗಲಲ್ಲಿ ತೂತು.

“ಒಳಗಿರೋರೆಲ್ಲ ಹಾಗೇ ಹೇಳ್ತಾರಪ್ಪ. ಸಾಹೇಬ್ರು ಊಟ ಮುಗಿಸ್ಕೊಂಡು ಬರ್ಲಿ, ಅವ್ರೇ ವಿಚಾರಿಸ್ತಾರೆ” ಎಂದು ಹಾಲಿನವರು ಮತ್ತೆ ಬೆಂಚಿನ ಮೇಲೆ ಕೂತರು. ಇದೇ ಮಾತನ್ನು ಅದೇ ಬೆಂಚಿನ ಮೇಲೆ ಕೂತು ಅವರು ಎಷ್ಟೋ ಸಲ ಕೇಳಿಸಿಕೊಂಡಿದ್ದಾರೆ. ಹೇಳುವ ಅವಕಾಶ ಸಿಕ್ಕಿದ್ದು ಅಂದೇ.

ನಾನು ಓದುವ ಕಿರುಹೊತ್ತಗೆಗಳಲ್ಲಿ ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಅಚ್ಚಾಗಿರುತ್ತದೆ. ಅದು ಅಚ್ಚಿನ ತಪ್ಪಿರಬಹುದೆಂದು ನಮ್ಮ ಓಣಿಯಲ್ಲಿ ಹಲವರ ಅಭಿಪ್ರಾಯ. ಆದರೆ ತಾವು ಊಟ ಮುಗಿಸಿ ಬರುವವರೆಗೆ ತಮ್ಮ ಲಾಕಪ್ಪಿನಲ್ಲಿ ಆ ಮಾತು ಅಕ್ಷರಶಃ ಜಾರಿಯಲ್ಲಿತ್ತು. ಲಾಠಿ ಮೂಲೆಗೆ ಒರಗಿತು. ಅದುವರೆಗೆ ‘ಲೇ’ ಆಗಿದ್ದ ಮಾವ ಅಣ್ಣನಾದರು.

“ಅಣ್ಣಾ, ಸಾಹೇಬ್ರು ಬರೋಷ್ಟ್ರಲ್ಲಿ ತೆಗೆದ್ಬಿಡಣ್ಣಾ. ಹೀಗೆ ನೋಡಿದ್ರೆ ನನ್ನ ಕೆಲ್ಸ ಹೋಗತ್ತೆ.”

ಮಾವನ ಚೀಲ ಸಾಕ್ಷ್ಯವೆಂದು ಬೀರುವಿನಲ್ಲಿ ಬಂದಿಯಾಗಿತ್ತು, ಬೀರುವಿನ ಕೀಲಿಯೂ ಅದೇ ಗೊಂಚಲಿನಲ್ಲಿತ್ತು. ಕೊನೆಗೆ, ಪೇದೆಯವರು ಮಾವನನ್ನು ಅಣ್ಣ ಎಂದು ಕರೆದದ್ದಕ್ಕೆ ಮನಸ್ಸು ಕರಗಿದ ಹಾಲಿನವರು, ಮೇಜಿನ ಪಕ್ಕ ಹಳೆಯ ದೂರುಗಳನ್ನು ಪೋಣಿಸಿಟ್ಟಿದ್ದ ತಂತಿಯನ್ನು ಬಿಡಿಸಿ ಸರಳಿನ ಸಂದಿಯಲ್ಲಿ ಕೊಟ್ಟರು. ನಮ್ಮ ಓಣಿಯ ದೂರುಗಳಿಂದ ಠಾಣೆಯಲ್ಲಿ ಒಂದು ಬಾಗಿಲು ತೆರೆದದ್ದು ಇದೇ ಮೊದಲು. ಊದಿಕೊಂಡ ಹೆಬ್ಬೆರಳಿನಲ್ಲಿ ಮಾವ ಬಹಳ ಹೊತ್ತು ತಿಣುಕಿದರು, ಎರಡು ಸಲ ತಂತಿ ಬಾಗಿಸಿ ಹಾಳುಮಾಡಿದರು, ಇಂಥ ಕಳಪೆ ಬೀಗವನ್ನು ತಾನು ಕೋಳಿಗೂಡಿಗೂ ಹಾಕುವುದಿಲ್ಲವೆಂದು ತಮ್ಮ ಇಲಾಖೆಯನ್ನು ಬೈದರು. ಪೇದೆಯವರು ಬನಿಯನ್ನಿನ ಅಂಚಿನಿಂದ ಮಾವನಿಗೆ ಗಾಳಿ ಹಾಕಿದರು. ಅಂತೂ ಬೀಗ ತೆರೆಯಿತು.

ಮೊದಲು ಹೊರಬಂದವರು ಪೇದೆಯವರು. ಇದನ್ನು ತಾವು ದಯವಿಟ್ಟು ಗಮನಿಸಬೇಕು. ಮಾವ ಬಂದದ್ದು ಎರಡನೆಯವರಾಗಿ, ಅದೂ ತನ್ನ ಕೆಲಸವನ್ನು ಹೊರಗಿನಿಂದ ಒಮ್ಮೆ ನೋಡುವ ಹೆಮ್ಮೆಗೆ. ಅದೇ ಗಳಿಗೆಗೆ ತಾವು ಬಾಗಿಲಲ್ಲಿ ಕಾಣಿಸಿದಿರಿ. ಪೇದೆಯವರು ಮೊಳೆಯಿಂದ ಅಂಗಿ ತೆಗೆದು ತೊಟ್ಟರು, ತೊಟ್ಟ ತಕ್ಷಣ ಸಾಕ್ಷಿಯಾದರು. ಅಂಗಿಯಿಲ್ಲದ ಮಾವ ಆರೋಪಿಯಾದರು. ‘ಅಣ್ಣ’ ಮತ್ತೆ ‘ಲೇ’ ಆಗಲು ಮೂರು ಗುಂಡಿ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲವಂತೆ. ಸಂಜೆ ಮಾವನನ್ನು ಮನೆಗೆ ಬಿಟ್ಟಿರಿ. ಕೇಸನ್ನೂ ಚೀಲವನ್ನೂ ಇಟ್ಟುಕೊಂಡಿರಿ.

ಆದ್ದರಿಂದ ನನ್ನ ವಿನಂತಿಗಳು ಸಣ್ಣವು. ಲಾಕಪ್ಪಿನಿಂದ ತಪ್ಪಿಸಿಕೊಂಡದ್ದು ಅಪರಾಧವೇ ಆದರೆ, ಮೊದಲು ತಪ್ಪಿಸಿಕೊಂಡವರ ಹೆಸರನ್ನು ಮೊದಲು ಬರೆದು, ಮಾವನದನ್ನು ಅದರ ಕೆಳಗೆ ಬರೆಯಬೇಕು. ಅಲ್ಲವಾದರೆ ಎರಡನ್ನೂ ಹೊಡೆದುಹಾಕಬೇಕು. ಇದು ಕಷ್ಟವಾದರೆ ಹಿಂದಿನ ಓಣಿಯ ಪ್ರತಿ ಮನೆಗೂ ಅಂಥದ್ದೊಂದು ಅಂಗಿ ಹೊಲಿಸಿಕೊಡಬೇಕು. ತೊಟ್ಟವರ ಮಾತನ್ನು ತಾವು ನಂಬುವುದನ್ನು ಕಣ್ಣಾರೆ ಕಂಡಿದ್ದೇವೆ, ತೋಳು ಸ್ವಲ್ಪ ಉದ್ದವಾದರೂ ಹೊಂದಿಸಿಕೊಳ್ಳುತ್ತೇವೆ. ಅದೂ ಆಗದಿದ್ದರೆ ಮುಂದಿನ ಸಲ ಕಳವಾದಾಗ ಮೊದಲು ದೊಡ್ಡ ಬೀದಿಯವರ ಕೊರಳಪಟ್ಟಿ ಹಿಡಿದು, ನಮ್ಮ ಓಣಿಯಲ್ಲಿ ಕುರ್ಚಿ ಕೇಳಿ ಕೂತು ವಿಚಾರಿಸಬೇಕು. ಕುರ್ಚಿ ನಮ್ಮಲ್ಲಿದೆ.

ಇದೆಲ್ಲ ತಮಾಷೆಯೆನಿಸಿದರೆ ತಮಾಷೆಯಲ್ಲದ್ದು ಒಂದಿದೆ. ಅರ, ಇಕ್ಕಳ, ತನ್ನ ಕೈಯಾರೆ ತಿದ್ದಿದ ಕೊಕ್ಕೆಗಳಿರುವ ಆ ಚೀಲವಿಲ್ಲದೆ ಮಾವನ ಅಂಗಡಿ ಗುರುವಾರದಿಂದ ಮುಚ್ಚಿದೆ. ದಿನವಿಡೀ ಬಡಾಯಿ ಕೊಚ್ಚುತ್ತಿದ್ದ ಮನುಷ್ಯ ಈಗ ಊದಿದ ಹೆಬ್ಬೆರಳನ್ನು ನೋಡುತ್ತ ಸುಮ್ಮನೆ ಕೂರುತ್ತಾರೆ. ನಮಗೆ ಅವರ ಬಡಾಯಿ ವಾಪಸು ಬೇಕು.

ತಮ್ಮ ಸಂಶಯಕ್ಕೆ ಸದಾ ಪಾತ್ರಳಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಬೀಗ ರಿಪೇರಿಯವರ ಅಕ್ಕನ ಮಗಳು

ಮರೆತ ಮಾತು: ಬಂದೋಬಸ್ತಿನ ನೂಕುನುಗ್ಗಲಿನಲ್ಲಿ ಮುಖ್ಯ ಪೇದೆಯವರು ಆ ಕೀಲಿಗೊಂಚಲನ್ನು ಕಳೆದುಕೊಂಡ ಸುದ್ದಿ ನಿನ್ನೆ ಸಂಜೆ ತಿಳಿಯಿತು. ಹೇಳಿದವರು ಅದೇ ಪೇದೆಯವರು, ನಮ್ಮ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ನೀರು ಕುಡಿದು, ತಗ್ಗಿದ ದನಿಯಲ್ಲಿ. ಬೀರು ತೆರೆಯುತ್ತಿಲ್ಲವಂತೆ, ಕೋರ್ಟಿಗೆ ಹೋಗಬೇಕಾದ ಸಾಮಾನೆಲ್ಲ ಒಳಗಿದೆಯಂತೆ, ತಾವು ಅಣ್ಣನನ್ನು ಕರೆಯುತ್ತಿದ್ದೀರಂತೆ. ಮಾವ ಗುರುವಾರದ ನಂತರ ಮೊದಲ ಬಾರಿಗೆ ನಕ್ಕು, “ಬರ್ತೀನಿ. ಕೇಸು ಹೊಡೆದುಹಾಕಿದ್ದನ್ನ ನೋಡಿದ ಮೇಲೇ ಬೀರು ಮುಟ್ಟೋದು. ಒಳಗಿರೋ ಚೀಲ ನಂದು” ಎಂದಿದ್ದಾರೆ. ತಂತಿಯನ್ನು ನಾವೇ ತರುತ್ತೇವೆ. ಓಣಿಯವರೆಲ್ಲ ಜೊತೆಗೆ ಬಂದು ಬೆಂಚಿನ ಮೇಲೆ ಕೂತು ನೋಡುತ್ತೇವೆ. ಈ ಸಲ ಯಾರೂ ಅಂಗಿ ಬಿಚ್ಚುವ ಅಗತ್ಯವಿಲ್ಲ. ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.