ಸೊಟ್ಟ ಮಿನಾರು

ಸಿದ್ರಾಮನಿಗೆ ತನ್ನ ಕಣ್ಣಿನ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮುಂಬೈ ಹತ್ತಿರದ ಅಂಬರನಾಥದ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಲೋಹ ಕಡೆಯುವ ಲೇಥ್ ನಡೆಸಿದವನು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹಿಡಿಯುತ್ತಿದ್ದ. (ಹೆಂಡತಿ ಕಾಶವ್ವನ ರೊಟ್ಟಿಗೂ ಈ ತಪಾಸಣೆ ತಪ್ಪಿದ್ದಲ್ಲ.)

ಎಪ್ಪತ್ತಾರನೇ ಇಸವಿಯಲ್ಲಿ ಅವನು ತನ್ನೂರು ವಿಜಾಪುರದಿಂದ ಪ್ಲಾಸ್ಟರಿನ ಪುಟ್ಟ ಗೋಲಗುಮ್ಮಟ ತಂದಿದ್ದ. ಮನೆಯಿದ್ದ ಡೊಂಬಿವಲಿಯಲ್ಲಿ ರೈಲಿಳಿಯುವಾಗ ಜನರ ಗರ್ದಿಯಲ್ಲಿ ಡಬ್ಬಿಯೊಳಗೆ 'ಟಕ್' ಎಂದಿತು. ಬಿಚ್ಚಿ ನೋಡುವ ಧೈರ್ಯವಾಗದೆ ಪಕ್ಕದ ಖೋಲಿಯ ಕಮಲಾಕ್ಷನಿಗೆ ಕೊಟ್ಟ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ, ಉಡುಪಿ ಕಡೆಯ ಕಮಲಾಕ್ಷ ಮುರಿದ ಮಿನಾರನ್ನು ಹೊಸದಾಗಿ ಮಾಡಿ, ಬಣ್ಣ ಬಳಿದು ತಂದಿಟ್ಟ. ನಾಲ್ಕು ಮಿನಾರುಗಳಲ್ಲಿ ಒಂದು ವಾಲಿತ್ತು.

"ದ್ವಾಸಿ ತಿರುವು ಕೈಲೆ ಮಿನಾರು ಕಟ್ಟೀಯಲ್ಲೋ!" ಎಂದು ಸಿದ್ರಾಮ ನಕ್ಕ. ಕಮಲಾಕ್ಷನೂ ನಕ್ಕ. ಎಂಟು ವರ್ಷ, ಸಂಜೆ ಚಹಾದ ಜೊತೆ, ಅದೇ ಮಾತು, ಅದೇ ನಗು.

ಈ ಚಳಿಗಾಲದಲ್ಲಿ ಕಮಲಾಕ್ಷ ತೀರಿಹೋದ. ಸಂಜೆಗಳು ಉಳಿದವು.

ಠಾಣೆ ಊರಿನಲ್ಲಿದ್ದ ತನ್ನ ತಮ್ಮನ ಮನೆಗೆ ಹೊರಟ ಕಮಲಾಕ್ಷನ ಹೆಂಡತಿ ಉಮಾವತಿ, "ಅಣ್ಣ, ಆ ಗುಮ್ಮಟ ನನಗೆ ಕೊಡ್ತೀರಾ?" ಎಂದಳು. ಸಿದ್ರಾಮನಿಗೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಗೆಳೆಯನ ಕೈಕೆಲಸ ಬಿಟ್ಟುಕೊಡಲು ಮನಸ್ಸೂ ಏಳಲಿಲ್ಲ. ಆಗ ಹೊಳೆದದ್ದೇ ಆ ಮಹಾಯೋಜನೆ.

"ಸೊಟ್ಟಂದು ಕಿತ್ತು ನಾ ಇಟ್ಕೋತೀನಿ. ಹೊಸಾದೊಂದು ನೆಟ್ಟಗ ಮಾಡಿ ಕೂಡಿಸಿ ಅಕೀಗೆ ಕೊಡ್ತೀನಿ."

"ಇದ್ದಂಗ ಇರ್ಲಿ ಬಿಡ್ರಿ," ಎಂದಳು ಕಾಶವ್ವ.

"ನಿನಗೇನ್ ತಿಳೀತದ?"

ಎರಡು ಭಾನುವಾರ ಕೂತು, ಏಳೂ ಅಂತಸ್ತು ಕೆತ್ತಿ, ತೂಗುಗುಂಡಿನ ದಾರ ಹಿಡಿದು ನೋಡಿ ಹೊಸ ಮಿನಾರು ನಿಲ್ಲಿಸಿದ. ಸೊಟ್ಟ ಮಿನಾರು ರೇಷ್ಮೆ ಅರಿವೆಯ ಮೇಲೆ ದೇವರ ಮಾಡ ಸೇರಿತು. ಕಾಶವ್ವ ದಿನಾ ಹೂವೇರಿಸಿದಳು.

ಹೊರಡುವ ದಿನ ಉಮಾವತಿ ಗುಮ್ಮಟವನ್ನು ಮಡಿಲಲ್ಲಿಟ್ಟುಕೊಂಡು ಬೆಚ್ಚಿದಳು. "ಸೊಟ್ಟದ್ದು ಎಲ್ಲಿ ಅಣ್ಣ?"

"ಅದು ಕಮಲಾಕ್ಷ ಮಾಡಿದ್ದು ತಂಗಿ. ಅದೊಂದು ನನಗಿರ್ಲಿ." ಎಂದ ಸಿದ್ರಾಮ.

"ಅಯ್ಯೋ, ಅದು ಅಂಗಡಿಯಿಂದಲೇ ಸೊಟ್ಟ ಮಾರಾಯ್ರೆ! ಇವರು ಮಾಡಿದ್ದು ಇದು." ಆಚೆ ಮೂಲೆಯ ಮಿನಾರನ್ನು ಉಗುರಿನಿಂದ ತಟ್ಟಿದಳು. ಒಳಗಿನಿಂದ 'ಟಿಣ್' ಎಂದಿತು. "ಹೋಟೆಲಿನ ಚಮಚದ ಹಿಡಿ ಉಂಟು ಒಳಗೆ. ಹೇಳಿಬಿಡಿ ಅಂದ್ರೆ, 'ಬೇಡ, ಪಾಪ, ದಿನಾ ನಗ್ತಾನೆ' ಅಂತಿದ್ರು."

ಸಿದ್ರಾಮ ಆ ಮಿನಾರನ್ನು ದಿಟ್ಟಿಸಿದ. ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ.

ರಿಕ್ಷಾ ತಿರುವಿನಲ್ಲಿ ಮರೆಯಾದ ಮೇಲೆ ಕಾಶವ್ವ ಮೆಲ್ಲಗೆ ಕೇಳಿದಳು: "ನಾಳಿಂದ ಆ ಕಂಬಕ್ಕ ಹೂ ಏರಸೂದು ಬಿಡ್ಲೇನ್ರಿ?"

"ಏರಸು," ಎಂದ ಸಿದ್ರಾಮ, ಕಣ್ಣೊರೆಸಿಕೊಳ್ಳುತ್ತ ನಗುತ್ತ. "ಎಂಟು ವರ್ಷ ಅವನ ಹೆಸರಿನ್ಯಾಗ ಬೈಸ್ಕೊಂಡದ, ಪಾಪ."