ಮಾವನವರ ಕ್ಲಚ್ ಬೇರಿಂಗ್

ನಮ್ಮ ಮಾವನವರು ನನ್ನನ್ನು ಸೊಸೆಯಾಗಿ ಒಪ್ಪಿಕೊಂಡಿದ್ದು ಗುಣ ನೋಡಿಯೂ ಅಲ್ಲ, ಜಾತಕ ನೋಡಿಯೂ ಅಲ್ಲ. ಹೊಸೂರಿನ ಕಾರ್ಖಾನೆಯಲ್ಲಿ ನಾನು ಬೇರಿಂಗ್ ಪರೀಕ್ಷೆ ಮಾಡುವವಳು ಅಂತ ಗೊತ್ತಾಗಿ. ಹೆಣ್ಣು ನೋಡಲು ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬೇರಿಂಗ್ ಕೆಟ್ಟಿದ್ರೆ ಕೈಯಾಗೆ ತಿರುಗ್ಸಿ ಹೇಳ್ತೀಯಾಮ್ಮ?" ಹೇಳ್ತೀನಿ ಅಂದೆ. ಮದುವೆ ಗೊತ್ತಾಯಿತು. ಅಡುಗೆ ಬರುತ್ತದಾ ಎಂದು ಯಾರೂ ಕೇಳಲಿಲ್ಲ. ಬರುವುದಿಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಿತು.

ಇದಕ್ಕೆಲ್ಲ ಕಾರಣ ಅವಲಪಲ್ಲಿಯ ಅವರ ಮನೆಯ ಶೆಡ್ಡಿನಲ್ಲಿದ್ದ ಕೆಂಪು ಕಾರು. ಇಬ್ಬರೇ ಕೂರುವಂಥ, ಮೇಲೆ ಸೂರಿಲ್ಲದ, ಮಾವನವರಿಗಿಂತ ಎರಡು ವರ್ಷ ಹಿರಿಯದಾದ ಸ್ಪೋರ್ಟ್ಸ್ ಕಾರು. ಯಾರದೋ ತೋಟದಲ್ಲಿ ಕೋಳಿಗಳು ಮೊಟ್ಟೆಯಿಡುವ ಗೂಡಾಗಿದ್ದ ಅದನ್ನು ತಂದು ಏಳು ವರ್ಷ ರಿಪೇರಿ ಮಾಡಿದ್ದರು. ಅತ್ತೆಗೆ ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸುವ ಆಸೆ.

ಕೊನೆಗೆ ಉಳಿದಿದ್ದು ಕ್ಲಚ್ ಬೇರಿಂಗ್. ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಎಂಜಿನ್ನಿಂದ ಚಕ್ರಗಳನ್ನು ಬಿಡಿಸುವುದು ಇದೇ. ಊಟದ ಮೇಜಿನ ಮೇಲೆ ಎರಡು ತಂದಿಟ್ಟರು. ಒಂದು ಹಳೇ ಕಾಲದ ಕರೀ ಗ್ರಾಫೈಟ್ ಉಂಗುರ, ಇನ್ನೊಂದು ಈಗಿನ, ಒಳಗೆ ಉಕ್ಕಿನ ಗುಂಡುಗಳಿರುವುದು. ಮೂರು ವಾರ ಮನೆಯಲ್ಲಿ ಬೇರೆ ಮಾತಿಲ್ಲ.

"ಗುಂಡಿಂದೇ ಹಾಕಿ ಮಾವ. ಪೆಡಲ್ ಒತ್ತಿ ಹಿಡ್ಕಂಡ್ರೆ ಗ್ರಾಫೈಟ್ ಕಾದು ಒಡ್ದೋಯ್ತದೆ."

"ಒತ್ತಿ ಹಿಡ್ಕಳೋನು ಡ್ರೈವರೇ ಅಲ್ಲ ಕಣಮ್ಮ. ಗಾಡಿ ಹುಟ್ದಾಗ ಏನಿತ್ತೋ ಅದೇ ಇರ್ಬೇಕು."

"ನೀವು ಹುಟ್ದಾಗ ಹಲ್ಲಿರ್ಲಿಲ್ಲ, ಈಗ ಕಟ್ಟಿಸ್ಕಂಡಿಲ್ವಾ?" ಎಂದರು ಅತ್ತೆ, ಮುದ್ದೆ ಬಡಿಸುತ್ತಾ.

ಮಾವ ಎರಡು ದಿನ ಶೆಡ್ಡಿನಲ್ಲೇ ಊಟ ಮಾಡಿದರು. ಮೂರನೇ ದಿನ ಗ್ರಾಫೈಟನ್ನೇ ಹಾಕಿದರು.

ಮೊದಲ ಸವಾರಿಗೆ ಪಕ್ಕದಲ್ಲಿ ಕೂರುವ ಭಾಗ್ಯ ನನಗೇ ಬಂತು. ತಳಿ ಊರು ದಾಟಿ ಜವಳಗಿರಿ ಕಾಡಿನ ರಸ್ತೆ ಹಿಡಿದೆವು. ಒಂದು ತಿರುವು ದಾಟಿದರೆ ರಸ್ತೆಯ ನಡುವೆ ಆನೆ. ಅದರ ಹೊಟ್ಟೆಯಡಿ ಮರಿ. ನಮಗೂ ಅದಕ್ಕೂ ನಲವತ್ತು ಹೆಜ್ಜೆ. ತಲೆಯ ಮೇಲೆ ಸೂರಿಲ್ಲದ ಕಾರು ಎಷ್ಟು ಚೆಂದ ಅಂತ ಹೊರಡುವಾಗ ಹೊಗಳಿದ್ದೆ, ಆ ಮಾತನ್ನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಮಾವ ರಿವರ್ಸ್ ಗೇರ್ ಹಾಕಿ ಕ್ಲಚ್ ಒತ್ತಿ ಹಿಡಿದರು.

"ಹಿಂದಕ್ಕೆ ಬಿಡಿ ಮಾವ," ಪಿಸುಗುಟ್ಟಿದೆ.

"ಸದ್ದಾದ್ರೆ ಬೆದರ್ತದೆ. ಮರಿ ದಾಟ್ಲಿ."

ಮರಿ ದಾಟಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಒಂದು ಕೊಂಬೆ ಅದಕ್ಕೆ ಬಹಳ ಇಷ್ಟವಾಗಿತ್ತು. ಒಂದು ನಿಮಿಷ, ಎರಡು ನಿಮಿಷ. ಮಾವ ಮೊಣಕಾಲನ್ನು ಕೈಯಿಂದ ಅದುಮಿ ಪೆಡಲ್ ಹಿಡಿದೇ ಇದ್ದರು. ಸುಟ್ಟ ವಾಸನೆ ಬಂತು. ಗ್ರಾಫೈಟಿನದೆಂದು ಇಬ್ಬರಿಗೂ ಗೊತ್ತು. ಆಮೇಲೆ ಕಾಲಡಿ ಉಂಗುರ ಲಟಕ್ ಎಂದು ಒಡೆಯಿತು. ಪೆಡಲ್ ನೆಲಕ್ಕೆ ಬಿತ್ತು, ಕಾರು ಹಿಂದಕ್ಕೆ ಜಿಗಿದು ಆಫ್ ಆಯಿತು.

ಆನೆ ಕಿವಿ ಅಗಲಿಸಿ ನಮ್ಮ ಕಡೆ ಎರಡು ಹೆಜ್ಜೆ ಇಟ್ಟಿತು.

ಮಾವ ಎಡಗೈಯನ್ನು ನನ್ನ ಮುಂದೆ ಅಡ್ಡ ಹಿಡಿದರು. ಆ ಕೈ ಆನೆಯನ್ನು ತಡೆಯುತ್ತಿತ್ತೇ? ಆದರೂ ಹಿಡಿದರು.

"ರಿವರ್ಸ್ ಗೇರಲ್ಲೇ ಇದೆ, ಹಂಗೇ ಸ್ಟಾರ್ಟ್ ಮಾಡಿ," ಎಂದೆ.

ಬಲಗೈಯಲ್ಲಿ ಕೀಲಿ ತಿರುಗಿಸಿದರು. ಕಾರು ಕೆಮ್ಮುತ್ತಾ, ಕುಪ್ಪಳಿಸುತ್ತಾ ಹಿಂದಕ್ಕೆ ತೆವಳಿ ಎಂಜಿನ್ ಹತ್ತಿಕೊಂಡಿತು. ತಿರುವಿನಾಚೆಗೆ, ದನ ಕಾಯುವವರು ನಿಂತಿದ್ದ ಜಾಗದವರೆಗೂ ಹಿಂದಕ್ಕೇ ಬಂದೆವು. ಆನೆ ಹಿಂಬಾಲಿಸಲಿಲ್ಲ. ಸಂಜೆ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ಎಳೆಸಿಕೊಂಡು ಬಂದಾಗ ಅತ್ತೆ ನೀರು ಕೊಟ್ಟರು.

ಮಾವ ಒಂದು ವಾರ ಶೆಡ್ಡಿನಿಂದ ಹೊರಗೆ ಬರಲಿಲ್ಲ. ಭಾನುವಾರ ನನ್ನನ್ನು ಕರೆದರು. ಗುಂಡಿನ ಬೇರಿಂಗ್ ಹಾಕಿದ್ದರು. ಅದನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಡ್ರೈವರ್ ಸೀಟು. ಒಂದು ಬೋಲ್ಟೂ ಬದಲಾಗಬಾರದು ಎನ್ನುತ್ತಿದ್ದ ಮನುಷ್ಯ, ಕಾರು ಹುಟ್ಟಿದಾಗಿನ ತಗಡಿಗೆ ನಾಲ್ಕು ಹೊಸ ತೂತು ಕೊರೆದು ಸೀಟನ್ನು ಮುಂದಕ್ಕೆ ಕೂರಿಸಿದ್ದರು. ಇನ್ನು ಅವರ ಮೊಣಕಾಲು ಅಲ್ಲಿ ಹಿಡಿಸುವುದಿಲ್ಲ.

"ಯಾಕೆ ಮಾವ?"

"ಅವತ್ತು ನಂಗೇನಾರ ಆಗೋಗಿದ್ರೆ, ನಿನ್ ಕಾಲು ಪೆಡಲ್ಗೆ ಎಟುಕ್ತಿರ್ಲಿಲ್ಲ ಕಣಮ್ಮ," ಎಂದು, ಎಲ್ಲೋ ನೋಡುತ್ತಾ, ಕೀಲಿ ನನ್ನ ಕೈಗಿಟ್ಟರು.